ಗೂಡಿನಲ್ಲಿ ಗಾಳಿಯಾಡಲಿ

ಚಿಲಕ ಹಾಕಿದ್ದು ಹಾಗೇ ಇತ್ತು. ಬಾಗಿಲಿಗೆ ಒತ್ತಾಗಿ ಇಟ್ಟಿದ್ದ ಕಲ್ಲೂ ಅಲುಗಿರಲಿಲ್ಲ. ಹೆಗ್ಗಣ ಕೊರೆದ ಗುರುತಿಲ್ಲ, ರಕ್ತವಿಲ್ಲ, ಒಂದು ಪುಕ್ಕವೂ ಚೆದುರಿರಲಿಲ್ಲ. ಆದರೆ ಒಳಗೆ ಕೆಂಚು ಹೇಂಟೆ ರೆಕ್ಕೆ ಅಗಲಿಸಿ, ಕೊಕ್ಕು ತೆರೆದು, ಮೂಲೆಗೆ ಸೇರಿ ಸತ್ತಿತ್ತು. ಉಳಿದ ಏಳು ಕೋಳಿಗಳು ಬಾಗಿಲು ತೆಗೆದ ಕೂಡಲೇ ಒಂದರ ಮೇಲೊಂದು ಬಿದ್ದು ಹೊರಗೆ ಬಂದವು. ಕಾಳಿನ ಕಡೆ ನೋಡಲೂ ಇಲ್ಲ, ತೊಟ್ಟಿಯ ಪಕ್ಕದ ತೇವದ ನೆಲಕ್ಕೆ ಎದೆ ಒತ್ತಿ ಕುಳಿತು ಏದುಸಿರು ಬಿಡತೊಡಗಿದವು. ಮೇ ತಿಂಗಳು, ಬೆಳಗಿನ ಐದೂವರೆ. ಚೆನ್ನೈನ ಮಾಧವರಂನಲ್ಲಿ ನಮ್ಮ ಬಾಡಿಗೆ ಮನೆಯ ಹಿತ್ತಿಲು. ಗೂಡಿನೊಳಗಿಂದ ಮುಖಕ್ಕೆ ಬಡಿದ ಹಬೆ ಇಡ್ಲಿ ಪಾತ್ರೆಯ ಮುಚ್ಚಳ ತೆಗೆದಂತಿತ್ತು. ಆ ಹಬೆಯಲ್ಲಿ ಕಣ್ಣಲ್ಲಿ ನೀರು ತರಿಸುವ ಘಾಟು.

ಪರಿಚಯದ ಪಶುವೈದ್ಯೆಯೊಬ್ಬರಿಗೆ ಫೋನ್ ಮಾಡಿದೆ. ಹಿಕ್ಕೆ ಯಾವ ಬಣ್ಣ, ಲಸಿಕೆ ಹಾಕಿಸಿದ್ದೀರಾ ಎಂದು ಕೇಳುತ್ತಾರೆ ಅಂದುಕೊಂಡಿದ್ದೆ. ಅವರು ಮೊದಲು ಕೇಳಿದ್ದು, ಗೂಡಿಗೆ ಕಿಟಕಿ ಎಲ್ಲಿದೆ ಅಂತ. ಎರಡನೆಯದು, ರಾತ್ರಿ ಹನ್ನೊಂದರ ಹೊತ್ತಿಗೆ ಯಾವತ್ತಾದರೂ ಒಳಗೆ ಕೈ ಹಾಕಿ ನೋಡಿದ್ದೀರಾ ಅಂತ. ಎರಡಕ್ಕೂ ನನ್ನ ಹತ್ತಿರ ಉತ್ತರವಿರಲಿಲ್ಲ.

ಆ ಗೂಡನ್ನು ಕಟ್ಟಿಸಿದ್ದು ನಾನೇ. ನಾಲ್ಕಡಿ ಅಗಲ, ಆರಡಿ ಉದ್ದ, ಮೂರಡಿ ಎತ್ತರ. ಮೂರು ಕಡೆ ಇಟ್ಟಿಗೆ ಕಟ್ಟಿ ಸಿಮೆಂಟು ಬಳಿಸಿದ್ದೆ. ಮೇಲೆ ತಗಡು, ಮುಂದೆ ತಗಡಿನ ಬಾಗಿಲು. ಗಾಳಿಗೆಂದು ಹಿಂಬದಿಯ ಗೋಡೆಯ ಬುಡದಲ್ಲಿ ಅಂಗೈಯಗಲದ ಒಂದು ತೂತು. ಅದಕ್ಕೂ ಸೊಳ್ಳೆ ಪರದೆ. ಎಂಥ ಭದ್ರ ಎಂದು ನೋಡಿದವರೆಲ್ಲ ಹೊಗಳಿದ್ದರು.

ಅದರ ಮಾದರಿ ಬಂದದ್ದು ನಮ್ಮೂರಿನಿಂದ. ಮಂಡ್ಯ ಸೀಮೆಯ ಹಳೆಯ ಮನೆಗಳಲ್ಲಿ ಜಗಲಿಯ ಕೆಳಗೇ ಕೋಳಿಗೂಡು. ಹಗಲೆಲ್ಲ ತಿಪ್ಪೆ ಕೆದರಿಕೊಂಡಿದ್ದ ಕೋಳಿಗಳು ಹೊತ್ತು ಮುಳುಗುವಾಗ ಸಾಲಾಗಿ ಬಂದು ಅದರೊಳಗೆ ನುಸುಳುತ್ತಿದ್ದವು. ಪಿಳ್ಳೆಗಳಿರುವ ತಾಯಿಗೆ ಮಾತ್ರ ಬೇರೆ ಮಂಕರಿ. ಎಲ್ಲ ಸೇರಿದ ಮೇಲೆ ಅಜ್ಜಿ ಒಂದು ಚಪ್ಪಡಿ ಒರಗಿಸಿ, 'ಸರ್ಯಾಗಿ ಒತ್ತು ಮಗಾ, ಕಾಡುಬೆಕ್ಕು ಕೈ ಹಾಕ್ತದೆ' ಅನ್ನುತ್ತಿದ್ದರು. ನನಗೆ ನೆನಪಿನಲ್ಲಿ ಉಳಿದದ್ದು ಆ ಒತ್ತುವುದು. ಮರೆತದ್ದು ಉಳಿದೆಲ್ಲವೂ. ಅದು ಮಣ್ಣಿನ ಗೋಡೆ. ಚಪ್ಪಡಿಗೂ ಗೋಡೆಗೂ ನಡುವೆ ಬೆರಳು ತೂರುವಷ್ಟು ಸಂದು ಸುತ್ತಲೂ ಇರುತ್ತಿತ್ತು. ಮೇಲೆ ಜಗಲಿ, ಅದರ ಮೇಲೆ ಮನೆಯ ಸೂರು, ಹಾಗಾಗಿ ಬಿಸಿಲು ಗೂಡನ್ನು ಮುಟ್ಟುತ್ತಲೇ ಇರಲಿಲ್ಲ. ಹುಂಜಗಳಲ್ಲಿ ಅರ್ಧ ಗೂಡಿಗೇ ಬರದೆ ಹಲಸಿನ ಮರ ಹತ್ತಿ ಮಲಗುತ್ತಿದ್ದವು. ಎಲ್ಲಕ್ಕಿಂತ ಮುಖ್ಯವಾಗಿ, ಊರಿನ ರಾತ್ರಿ ತಣ್ಣಗಾಗುತ್ತಿತ್ತು. ನಾನು ಅಜ್ಜಿಯ ಗೂಡಿನ ಆಕಾರವನ್ನಷ್ಟೇ ಮದರಾಸಿಗೆ ತಂದು, ಸಿಮೆಂಟು ತಗಡಿನಲ್ಲಿ ಕಟ್ಟಿಸಿ, ಬಟ್ಟಬಯಲ ಬಿಸಿಲಿಗೆ ಇಟ್ಟಿದ್ದೆ.

ನಮ್ಮ ಕಡೆ ಭರಣಿ, ಕೃತ್ತಿಕೆ, ರೋಹಿಣಿ ಅಂದರೆ ಮಳೆಯ ಹೆಸರುಗಳು. ಹೊಲಕ್ಕೆ ಯಾವಾಗ ಇಳಿಯಬೇಕು ಎಂದು ಲೆಕ್ಕ ಹಾಕುವುದು ಅವುಗಳ ಮೇಲೆ. ಚೆನ್ನೈಯಲ್ಲಿ ಸೂರ್ಯ ಅದೇ ಕೃತ್ತಿಕೆಯ ಆಸುಪಾಸಿನಲ್ಲಿರುವ ದಿನಗಳಿಗೆ ಅಗ್ನಿ ನಕ್ಷತ್ರ ಎಂದು ಹೆಸರು. ಬೀದಿಯ ಮಾತಿನಲ್ಲಿ 'ಕತ್ತಿರಿ ವೆಯಿಲ್'. ಮೇ ಮೊದಲ ವಾರ ಶುರುವಾದರೆ ಕೊನೆಯ ವಾರದವರೆಗೂ ಅದರ ಆಳ್ವಿಕೆ. ನುಂಗಂಬಾಕ್ಕಂನ ಹವಾಮಾನ ಕೇಂದ್ರದಲ್ಲಿ 2003ರ ಮೇ 31ರಂದು 45 ಡಿಗ್ರಿ ದಾಖಲಾಗಿತ್ತು. ಆದರೆ ಕೋಳಿ ಸಾಕುವವರು ಭಯಪಡಬೇಕಾದ್ದು ಹಗಲಿನ ಆ ಅಂಕಿಗಿಂತ ರಾತ್ರಿಯ ಅಂಕಿಗೆ. ಹಗಲು ಕೋಳಿಗೆ ಕಾಲಿದೆ. ನುಗ್ಗೆ ಮರದ ನೆರಳಿಗೆ ಹೋಗುತ್ತದೆ, ಬಟ್ಟೆ ಒಗೆಯುವ ಕಲ್ಲಿನ ಬುಡದ ತೇವಕ್ಕೆ ಹೋಗುತ್ತದೆ. ರಾತ್ರಿ ನಾವೇ ಬಾಗಿಲು ಹಾಕುತ್ತೇವೆ. ಈ ಊರಿನ ಮೇ ರಾತ್ರಿಗಳಲ್ಲಿ ಪಾದರಸ 28ರ ಆಸುಪಾಸಿನಲ್ಲೇ ನಿಂತಿರುತ್ತದೆ, ಕೆಲವು ರಾತ್ರಿ 30ಕ್ಕಿಂತ ಕೆಳಗೆ ಇಳಿಯುವುದೇ ಇಲ್ಲ. ಜೊತೆಗೆ ಬಟ್ಟೆ ಒಣಗದಂಥ ತೇವ. ಬೆಂಗಳೂರಿನಲ್ಲಿ, ಮೈಸೂರಿನಲ್ಲಿ ಇದೇ ಗೂಡಿನಲ್ಲಿ ಕೆಂಚು ಹೇಂಟೆ ಬದುಕಿರುತ್ತಿತ್ತೋ ಏನೋ. ಹಗಲೆಲ್ಲ ಕಾದ ಸಿಮೆಂಟು ರಾತ್ರಿ ತನ್ನ ಬಿಸಿಯನ್ನು ಹೊರಗಿನ ತಂಪಿಗೆ ಕೊಡಬೇಕು. ಹೊರಗೆ ತಂಪೇ ಇಲ್ಲದಾಗ ಅದು ಒಳಗೇ ಬೀಳುತ್ತದೆ.

ಕೋಳಿಯ ಮೈ ನಮ್ಮದಕ್ಕಿಂತ ಬಿಸಿ. ಆರೋಗ್ಯವಂತ ಕೋಳಿಯ ಒಳಶಾಖವೇ 41 ಡಿಗ್ರಿಯ ಮೇಲೆ. ಅದಕ್ಕೆ ಬೆವರು ಗ್ರಂಥಿಗಳಿಲ್ಲ. ಮೈಗೆ ಗರಿಯ ಹೊದಿಕೆ ಬೇರೆ. ಬಿಸಿ ಕಳೆದುಕೊಳ್ಳಲು ಇರುವ ದಾರಿಗಳು ಕೆಲವೇ: ಜುಟ್ಟು ಮತ್ತು ಕತ್ತಿನ ಜೋಲಿಗೆ ರಕ್ತ ಹರಿಸುವುದು, ರೆಕ್ಕೆ ಎತ್ತಿ ಕಂಕುಳಿಗೆ ಗಾಳಿ ತಾಗಿಸುವುದು, ಕೊನೆಗೆ ಕೊಕ್ಕು ತೆರೆದು ಗಂಟಲು ಅದುರಿಸುತ್ತ ಏದುವುದು. ಏದುವುದೆಂದರೆ ಗಂಟಲಿನ ತೇವವನ್ನು ಆವಿ ಮಾಡಿ ಆ ಮೂಲಕ ತಣ್ಣಗಾಗುವುದು. ಸುತ್ತಲ ಗಾಳಿ ಆಗಲೇ ನೀರು ಕುಡಿದು ತುಂಬಿದ್ದರೆ ಆವಿ ಎಲ್ಲಿಗೆ ಹೋಗಬೇಕು? ಎರಡು ಕಿಲೊ ತೂಕದ ಒಂದು ಹೇಂಟೆಯ ಮೈಯಿಂದ ಹೊರಬರುವ ಶಾಖ ಸುಮಾರು 10 ವಾಟ್. ಎಂಟು ಕೋಳಿ ಅಂದರೆ ಕಿಟಕಿಯಿಲ್ಲದ ಪೆಟ್ಟಿಗೆಯೊಳಗೆ ರಾತ್ರಿಯಿಡೀ 80 ವಾಟಿನ ಬಲ್ಬು ಉರಿಸಿದ ಹಾಗೆ. ಅವು ದಿನಕ್ಕೆ ಹಾಕುವ ಹಿಕ್ಕೆ ಒಂದು ಕಿಲೊದ ಆಸುಪಾಸು, ಅದರಲ್ಲಿ ಮುಕ್ಕಾಲು ಪಾಲು ನೀರು. ಉಸಿರಿನ ತೇವ ಇದರ ಮೇಲೆ. ಇದನ್ನೆಲ್ಲ ಲೆಕ್ಕ ಹಾಕಿದ ದಿನ ನನಗೆ ಊಟ ಸೇರಲಿಲ್ಲ.

ಇನ್ನೊಂದು ವಿಷಯ ಅರ್ಥವಾದದ್ದು ಆಮೇಲೆ. ಆ ಬೇಸಿಗೆಯುದ್ದಕ್ಕೂ ಮೊಟ್ಟೆಯ ಚಿಪ್ಪು ತೆಳುವಾಗಿತ್ತು, ಕೈಯಲ್ಲಿ ಹಿಡಿದರೆ ಒಡೆಯುವಷ್ಟು. ಸುಣ್ಣದ ಅಂಶ ಸಾಲದು ಎಂದು ಮೊಟ್ಟೆ ಚಿಪ್ಪು ಹುರಿದು ಪುಡಿ ಮಾಡಿ ಹಾಕಿದೆ, ಕಪ್ಪೆಚಿಪ್ಪು ತಂದು ಹಾಕಿದೆ. ಸತತವಾಗಿ ಏದುವ ಕೋಳಿ ಇಂಗಾಲದ ಡೈಆಕ್ಸೈಡನ್ನು ಮಿತಿಮೀರಿ ಹೊರಹಾಕುತ್ತದೆ. ರಕ್ತದ ಆಮ್ಲ ಪ್ರಮಾಣ ಏರುಪೇರಾಗಿ, ಚಿಪ್ಪು ಕಟ್ಟಲು ಬೇಕಾದ ಕಾರ್ಬೊನೇಟಿಗೇ ಕೊರತೆ ಬೀಳುತ್ತದೆ. ಎಷ್ಟು ಸುಣ್ಣ ತಿನ್ನಿಸಿದರೂ ಚಿಪ್ಪು ಗಟ್ಟಿಯಾಗುವುದಿಲ್ಲ. ಮೊಟ್ಟೆ ನನಗೆ ತಿಂಗಳುಗಟ್ಟಲೆ ಹೇಳುತ್ತಲೇ ಇತ್ತು.

ಘಾಟಿನ ವಿಷಯ. ಕೋಳಿಗೆ ಮೂತ್ರ ಬೇರೆ, ಮಲ ಬೇರೆ ಇಲ್ಲ. ಹಿಕ್ಕೆಯ ಮೇಲಿನ ಬಿಳಿಯ ಭಾಗವೇ ಯೂರಿಕ್ ಆಮ್ಲ. ತೇವ ಮತ್ತು ಶಾಖ ಸಿಕ್ಕಿದರೆ ಸೂಕ್ಷ್ಮಾಣುಗಳು ಅದನ್ನು ಅಮೋನಿಯಾ ಮಾಡುತ್ತವೆ. ಹತ್ತು ಲಕ್ಷ ಪಾಲಿನಲ್ಲಿ 25 ಪಾಲು ದಾಟಬಾರದು ಎಂಬುದು ಕೋಳಿಮನೆಗಳಿಗೆ ಸಾಮಾನ್ಯವಾಗಿ ಹೇಳುವ ಮಿತಿ. ನಮ್ಮ ಮೂಗಿಗೆ ಸ್ಪಷ್ಟವಾಗಿ ನಾತ ಬಡಿಯುವ ಹೊತ್ತಿಗೆ ಆ ಮಿತಿ ಹತ್ತಿರ ಬಂದಿರುತ್ತದೆ, ಕಣ್ಣು ಉರಿದರೆ ದಾಟಿಯೇ ಹೋಗಿರುತ್ತದೆ. ಅಮೋನಿಯಾ ಮೊದಲು ಕೆಡಿಸುವುದು ಶ್ವಾಸನಾಳದ ಒಳಗೋಡೆಯ ಸಣ್ಣ ರೋಮಗಳನ್ನು. ದೂಳನ್ನೂ ರೋಗಾಣುವನ್ನೂ ಗುಡಿಸಿ ಹೊರಹಾಕುವುದು ಆ ರೋಮಗಳ ಕೆಲಸ. ಕಸ ಗುಡಿಸುವವರೇ ಇಲ್ಲದ ಮನೆಯ ಹಾಗೆ ಆಮೇಲೆ ಎಲ್ಲ ಕಾಯಿಲೆಗೂ ಬಾಗಿಲು ತೆರೆದಂತೆ. ಹಕ್ಕಿಯ ಪುಪ್ಪುಸ ನಮ್ಮದರಂತೆ ಉಬ್ಬಿ ತಗ್ಗುವುದಿಲ್ಲ. ಒಂಬತ್ತು ಗಾಳಿಚೀಲಗಳು ಸೇರಿ ಗಾಳಿಯನ್ನು ಅದರ ಮೂಲಕ ಒಂದೇ ದಿಕ್ಕಿನಲ್ಲಿ ಹರಿಸುತ್ತವೆ. ಹಾರಲು ಬೇಕಾದ ಆಮ್ಲಜನಕವನ್ನು ಹೀರಿಕೊಳ್ಳಲು ಪ್ರಕೃತಿ ಮಾಡಿಕೊಟ್ಟ ಅದ್ಭುತ ಏರ್ಪಾಡು ಅದು. ಕೆಟ್ಟ ಗಾಳಿ ಕೊಟ್ಟರೆ ಅದನ್ನೂ ಅಷ್ಟೇ ಚೆನ್ನಾಗಿ ಒಳಕ್ಕೆಳೆದುಕೊಳ್ಳುತ್ತದೆ.

ಬೆಳಿಗ್ಗೆ ಗೂಡಿನ ಪರೀಕ್ಷೆಯನ್ನು ನಿಂತುಕೊಂಡು ಮಾಡಬಾರದು ಎಂದೂ ಆ ವೈದ್ಯೆ ಹೇಳಿದರು. ನಿಮ್ಮ ಮೂಗು ಐದಡಿ ಮೇಲಿದೆ, ಅದರ ಮೂಗು ಹಿಕ್ಕೆಯಿಂದ ಒಂದಡಿ ಮೇಲಿದೆ, ಕುಕ್ಕರುಗಾಲಿನಲ್ಲಿ ಕೂತು, ಮುಖವನ್ನು ಕೋಳಿಯ ಮಟ್ಟಕ್ಕೆ ತಂದು, ಬಾಗಿಲು ತೆರೆದ ಮೊದಲ ಉಸಿರಿನಲ್ಲಿ ಏನು ಗೊತ್ತಾಗುತ್ತದೋ ಅದೇ ಸತ್ಯ. ಎರಡನೆಯ ಉಸಿರಿಗೆ ಮೂಗು ಒಗ್ಗಿಹೋಗುತ್ತದೆ.

ನಮ್ಮ ಪಕ್ಕದ ಮನೆಯ ಪಾಟಿ, ಅಂದರೆ ಅಜ್ಜಿ, ಎಷ್ಟೋ ವರ್ಷಗಳಿಂದ ಸಿರುವಿಡೈ ಕೋಳಿ ಸಾಕಿದವರು. ಸಿರುವಿಡೈ ತಮಿಳುನಾಡಿನ ಸಣ್ಣ ಗಾತ್ರದ ನಾಟಿ ಕೋಳಿ. ಅವರು ಗೋಡೆಯಾಚೆಯಿಂದ ನನ್ನ ಗೂಡನ್ನು ನೋಡಿ ಒಂದೇ ಮಾತು ಹೇಳಿದರು: 'ಕಾಟ್ರೋಟ್ಟಂ ಇಲ್ಲೆ, ಕಣ್ಣು.' ಕಾಟ್ರೋಟ್ಟಂ ಅಂದರೆ ಗಾಳಿಯ ಓಟ. ಆ ಪದ ನನ್ನನ್ನು ಬಹಳ ದಿನ ಬಿಡಲಿಲ್ಲ. ನಾವು ಕನ್ನಡದಲ್ಲಿ 'ಗಾಳಿಯಾಡಬೇಕು' ಅನ್ನುತ್ತೇವೆ. ಅವರಲ್ಲಿ ಗಾಳಿ ಓಡುತ್ತದೆ, ನಮ್ಮಲ್ಲಿ ಆಡುತ್ತದೆ. ಎರಡರಲ್ಲೂ ಗಾಳಿ ನಿಂತಿಲ್ಲ ಎಂಬುದನ್ನು ಗಮನಿಸಬೇಕು. ನಾನು ಕಟ್ಟಿಸಿದ ಗೂಡಿಗೆ ಒಂದು ತೂತಿತ್ತು, ನಿಜ. ಗಾಳಿ ಬರುವ ದಾರಿ ಎಂದು ನಾನು ತಿಳಿದಿದ್ದು ಅದನ್ನು. ಹೋಗುವ ದಾರಿ ಇರಲಿಲ್ಲ. ಹೋಗುವ ದಾರಿ ಇಲ್ಲದ ಕಡೆ ಬರುವ ದಾರಿಯೂ ಇಲ್ಲ. ಬಾಯಿ ಕಟ್ಟಿದ ಸೀಸೆಗೆ ನೀರು ಇಳಿಯದ ಹಾಗೆ.

ಎರಡು ರೀತಿಯಲ್ಲಿ ಗಾಳಿ ಓಡುತ್ತದೆ. ಒಂದು, ಹೊರಗಿನ ಗಾಳಿ ಒಂದು ಬದಿಯಿಂದ ನುಗ್ಗಿ ಎದುರು ಬದಿಯಿಂದ ಹೊರಬೀಳುವುದು. ಇನ್ನೊಂದು, ಹೊರಗೆ ಎಲೆ ಅಲುಗದಿದ್ದಾಗಲೂ ಒಳಗಿನ ಬಿಸಿ ಗಾಳಿ ಹಗುರಾಗಿ ಮೇಲೇರಿ, ಸೂರಿನ ಕೆಳಗಿನ ಸಂದಿಯಿಂದ ಹೊರಟು, ತಾನು ಖಾಲಿ ಮಾಡಿದ ಜಾಗಕ್ಕೆ ಕೆಳಗಿನಿಂದ ತಣ್ಣನೆಯದನ್ನು ಎಳೆದುಕೊಳ್ಳುವುದು. ನೀರಾವಿಯೂ ಅಮೋನಿಯಾವೂ ಗಾಳಿಗಿಂತ ಹಗುರ, ಬಿಸಿಯ ಜೊತೆ ಅವೂ ಮೇಲಕ್ಕೇ ಹೋಗಬಯಸುತ್ತವೆ. ಅಡುಗೆಮನೆಯ ಹೊಗೆಗಿಂಡಿ ನಮ್ಮ ಹಿರಿಯರು ಮಾಡಿದ್ದು ಇದೇ ಲೆಕ್ಕದಲ್ಲಿ. ಮದರಾಸಿನ ನಿಶ್ಚಲ ಅರ್ಧರಾತ್ರಿಯಲ್ಲಿ ಕೋಳಿಯನ್ನು ಉಳಿಸುವುದು ಈ ಎರಡನೆಯ ಓಟ. ಅದಕ್ಕೆ ಮೇಲಿನ ಕಿಂಡಿಗೂ ಕೆಳಗಿನ ಕಿಂಡಿಗೂ ನಡುವೆ ಎತ್ತರದ ಅಂತರ ಬೇಕು. ಮೂರಡಿ ಗೂಡಿನಲ್ಲಿ ಆ ಅಂತರ ಎಲ್ಲಿಂದ ಬರಬೇಕು?

ಮೊದಲನೆಯ ಓಟಕ್ಕೆ ಈ ಊರಿನ ಗಾಳಿಯ ದಿನಚರಿ ಗೊತ್ತಿರಬೇಕು. ಬೇಸಿಗೆಯ ಬೆಳಿಗ್ಗೆ ಬೀಸುವುದು ಪಡುವಣದ ಒಣ ನೆಲಗಾಳಿ. ಮಧ್ಯಾಹ್ನದ ಆಸುಪಾಸಿಗೆ, ಪಡುವಣ ಗಾಳಿ ಸೋತ ದಿನ, ಆಗ್ನೇಯದಿಂದ ಕಡಲಗಾಳಿ ಒಳಗೆ ಬರುತ್ತದೆ. ಪಡುವಣದ್ದು ಬಿಗಿಯಾಗಿ ನಿಂತ ದಿನ ಕಡಲಗಾಳಿ ತಡವಾಗುತ್ತದೆ, ಅಂಥ ದಿನಗಳಲ್ಲೇ ನಗರ 40 ದಾಟುವುದು. ನಮ್ಮ ಮನೆಯಿಂದ ಸಮುದ್ರ ಹತ್ತು ಕಿಲೋಮೀಟರಿನೊಳಗೆ. ಸಂಜೆ ನಾಲ್ಕಕ್ಕೆ ಮಹಡಿಯ ಮೇಲೆ ಒಣಗಿಸಿದ ಸೀರೆ ಯಾವ ಕಡೆ ಹಾರುತ್ತದೆ ಎಂದು ವಾರವಿಡೀ ನೋಡಿದೆ. ಆದರೆ ಕೆಳಗೆ ಹಿತ್ತಿಲಲ್ಲಿ ಅದೇ ಗಾಳಿ ಬೇರೆ ದಾರಿ ಹಿಡಿಯುತ್ತಿತ್ತು: ನಮ್ಮ ಗೋಡೆಗೂ ಪಾಟಿಯ ಮನೆ ಗೋಡೆಗೂ ನಡುವಿನ ಮೂರಡಿ ಸಂದಿನಲ್ಲಿ ಹರಿದು, ದಕ್ಷಿಣದಿಂದ ಬರುತ್ತಿತ್ತು. ಸಂದು ಅನ್ನುವ ಪದ ತಮಿಳಿಗೂ ಕನ್ನಡಕ್ಕೂ ಒಂದೇ. ನಗರದಲ್ಲಿ ಗೂಡು ಕಟ್ಟುವವರು ಹವಾಮಾನ ಇಲಾಖೆಯ ದಿಕ್ಕನ್ನು ನಂಬುವುದಕ್ಕಿಂತ ತಮ್ಮ ಸಂದಿನ ದಿಕ್ಕನ್ನು ನಂಬಬೇಕು. ಒಂದು ಕೋಲಿಗೆ ತೆಳುವಾದ ಬಟ್ಟೆ ಚೂರು ಕಟ್ಟಿ ಗೂಡಿಡುವ ಜಾಗದಲ್ಲಿ ನೆಟ್ಟು ಎರಡು ವಾರ ನೋಡಿದರೆ ಸಾಕು.

ಇಷ್ಟೆಲ್ಲ ತಿಳಿದ ಮೇಲೂ ಗೋಡೆ ಒಡೆಯಲು ಕೈ ಬರಲಿಲ್ಲ, ಯಾಕೆಂದರೆ ಭಯ. ಚೆನ್ನೈನ ಹೆಗ್ಗಣ, ಇಲ್ಲಿಯವರು ಪೆರುಚ್ಚಾಳಿ ಅನ್ನುವುದು, ಸಣ್ಣ ಬೆಕ್ಕಿನ ಗಾತ್ರ. ಮುಂಗುಸಿಯಿದೆ. ರಾತ್ರಿ ಮರದಿಂದ ಮರಕ್ಕೆ ಹೋಗುವ ಪುನುಗು ಬೆಕ್ಕು ನಗರದ ಮಧ್ಯದಲ್ಲೂ ಇದೆ. ಮೊಟ್ಟೆಗೆ ಕೇರೆ ಹಾವು. ಹಿತ್ತಿಲಲ್ಲಿ ಕೋಳಿ ಸಾಕುವ ಯಾರನ್ನಾದರೂ ಕೇಳಿ, ಒಂದು ಬೆಳಿಗ್ಗೆ ಕಂಡ ರಕ್ತದ ಕಥೆ ಇದ್ದೇ ಇರುತ್ತದೆ. ಆ ಕಥೆಯೇ ನಮ್ಮ ಕೈಯಿಂದ ಕಿಂಡಿಗಳನ್ನೆಲ್ಲ ಮುಚ್ಚಿಸುವುದು. ಹೊರಗಿನಿಂದ ಬರುವ ಸಾವು ಕಣ್ಣಿಗೆ ಕಾಣುತ್ತದೆ, ಹಾಗಾಗಿ ಅದಕ್ಕೆ ಚಿಲಕ ಹಾಕುತ್ತೇವೆ. ಒಳಗೆ ಸ್ವಲ್ಪ ಸ್ವಲ್ಪವೇ ಆಗುವುದು ಕಾಣುವುದಿಲ್ಲ.

ಭಯಕ್ಕೆ ಉತ್ತರ ಗೋಡೆಯಲ್ಲ, ಜಾಲರಿ. ಅದರಲ್ಲೂ ಯಾವ ಜಾಲರಿ ಎಂಬುದರ ಮೇಲೆ ಎಲ್ಲವೂ ನಿಂತಿದೆ. ಆರು ಮೂಲೆಯ ಕಣ್ಣಿನ, ತೆಳು ತಂತಿ ಹೆಣೆದ ಕೋಳಿ ಮೆಶ್ ಅಂಗಡಿಯಲ್ಲಿ ಮೊದಲು ತೋರಿಸುವುದು. ಅದು ಕೋಳಿ ಹೊರಗೆ ಹೋಗದ ಹಾಗೆ ತಡೆಯುತ್ತದೆ, ಅಷ್ಟೇ. ಹೆಗ್ಗಣ ಅದನ್ನು ಕಡಿಯುತ್ತದೆ, ಪುನುಗು ಬೆಕ್ಕು ಕೈ ತೂರಿಸುತ್ತದೆ. ಬೇಕಾದ್ದು ಅರ್ಧ ಇಂಚು ಚೌಕದ, ಬೆಸುಗೆ ಹಾಕಿದ ವೆಲ್ಡ್ ಮೆಶ್. ದುಬಾರಿ ನಿಜ. ಆದರೆ ಅದು ಸಿಕ್ಕ ದಿನ ಗೋಡೆಗೂ ಜಾಲರಿಗೂ ಭದ್ರತೆಯಲ್ಲಿ ವ್ಯತ್ಯಾಸವಿಲ್ಲ, ಗಾಳಿಯಲ್ಲಿ ಆಕಾಶ ಪಾತಾಳದ ವ್ಯತ್ಯಾಸವಿದೆ. ಬುಡದಲ್ಲಿ ಅದನ್ನು ಹೊರಮುಖವಾಗಿ ಒಂದಡಿ ಮಡಿಸಿ ಮಣ್ಣಿನಲ್ಲಿ ಹೂತರೆ ಕೊರೆಯಲು ಬಂದ ಹೆಗ್ಗಣಕ್ಕೆ ಪಂಜದಡಿ ಕಬ್ಬಿಣ ಸಿಕ್ಕುತ್ತದೆ. ಬೆಸೆಂಟ್ ನಗರ, ತಿರುವಾನ್ಮಿಯೂರಿನಂಥ ಕಡಲ ದಂಡೆಯಲ್ಲಿರುವವರು ವರ್ಷಕ್ಕೊಮ್ಮೆ ಜಾಲರಿಯ ಬೆಸುಗೆಗಳನ್ನು ಬೆರಳಿನಿಂದ ಒತ್ತಿ ನೋಡಬೇಕು. ಉಪ್ಪುಗಾಳಿ ಬಣ್ಣದ ಒಳಗಿನಿಂದಲೇ ತಿನ್ನುತ್ತದೆ.

ಹಾಗೆ ಜೂನ್ ಮೊದಲ ವಾರ ಗಾರೆಯವರೂ ವೆಲ್ಡಿಂಗ್ ಕೆಲಸದ ಅಣ್ಣನೂ ಬಂದರು. ಮೂರೂ ಗೋಡೆಗಳನ್ನು ನೆಲದಿಂದ ಒಂದೂವರೆ ಅಡಿ ಉಳಿಸಿಕೊಂಡು ಮೇಲಿನದನ್ನು ತೆಗೆಸಿದೆ. ನಾಲ್ಕು ಮೂಲೆಗೆ ಕಬ್ಬಿಣದ ಕಂಬ ಕೊಟ್ಟು ಸೂರನ್ನು ಆರಡಿಗೆ ಏರಿಸಿದೆವು. ದಕ್ಷಿಣಕ್ಕೂ ಉತ್ತರಕ್ಕೂ ಜಾಲರಿ, ಪೂರ್ವಕ್ಕೆ ಜಾಲರಿಯ ಬಾಗಿಲು. ಗೂಡಿನ ಉದ್ದದ ಬದಿ ಪೂರ್ವ ಪಶ್ಚಿಮವಾಗಿ ಹೋಗುವಂತೆ ಇರಬೇಕು ಎಂದು ಕೋಳಿಮನೆ ಕಟ್ಟುವವರು ಹೇಳುವುದು ಇದಕ್ಕೇ: ಕಿರಿದಾದ ಬದಿಗಳು ಮಾತ್ರ ಬೆಳಗಿನ, ಸಂಜೆಯ ಬಿಸಿಲಿಗೆ ಸಿಕ್ಕುತ್ತವೆ. ನನ್ನ ಪುಣ್ಯಕ್ಕೆ ಆ ಒಂದು ವಿಷಯದಲ್ಲಿ ಹಳೆಯ ಗೂಡು ಸರಿಯಿತ್ತು. ಪಶ್ಚಿಮದ ಕಿರಿಗೋಡೆಯನ್ನು ಪೂರ್ತಿ ಜಾಲರಿ ಮಾಡಲು ಆಗುತ್ತಿರಲಿಲ್ಲ, ಮೂರರಿಂದ ಆರರವರೆಗಿನ ಬಿಸಿಲು ಬಾಣದಂತೆ ನಾಟುತ್ತದೆ. ಅಲ್ಲಿ ಇಟ್ಟಿಗೆಯನ್ನು ಬಿಟ್ಟುಬಿಟ್ಟು ಜೋಡಿಸಿ ಜಾಲಿ ಗೋಡೆ ಮಾಡಿಸಿದೆ. ಲಾರಿ ಬೇಕರ್ ಕೇರಳದಲ್ಲಿ ಮನುಷ್ಯರಿಗೆ ಕಟ್ಟಿದ ಮನೆಗಳಲ್ಲಿ ಬಳಸಿದ ಉಪಾಯ ಅದು. ಬಿಸಿಲು ಇಟ್ಟಿಗೆಯ ಮೇಲೆ ನಿಲ್ಲುತ್ತದೆ, ಗಾಳಿ ನಡುವಿನಿಂದ ನುಸುಳುತ್ತದೆ. ಇಟ್ಟಿಗೆ ಬಿಟ್ಟ ಕಿಂಡಿಗಳಿಗೆ ಒಳಗಿನಿಂದ ಅದೇ ವೆಲ್ಡ್ ಮೆಶ್.

ಸೂರೇ ದೊಡ್ಡ ಕೆಲಸ. ತಗಡನ್ನು ಬಿಸಾಡಲು ಮನಸ್ಸಾಗಲಿಲ್ಲ, ಈ ಊರಿನ ಮಳೆಗೆ ಅದು ಬೇಕು. ಎರಡು ಇಳಿಜಾರು ಮಾಡಿ ನೆತ್ತಿಯಲ್ಲಿ ನಾಲ್ಕು ಇಂಚು ಸೀಳು ಬಿಟ್ಟು, ಆ ಸೀಳಿನ ಮೇಲೆ ಟೋಪಿಯಂತೆ ಇನ್ನೊಂದು ತಗಡು ಎತ್ತರಿಸಿ ಕೂರಿಸಿದೆವು. ಬಿಸಿ ಗಾಳಿ ಹೊರಡುವ ಬಾಗಿಲು ಅದು. ತಗಡಿನ ಮೇಲೆ ಸುಣ್ಣ ಬಳಿದು, ಅದರ ಮೇಲೆ ಹೆಣೆದ ತೆಂಗಿನ ಗರಿ ಹೊದಿಸಿದೆ. ಸೂರಿನ ಅಂಚನ್ನು ಗೋಡೆಯಿಂದ ಮೂರಡಿ ಮುಂದಕ್ಕೆ ಚಾಚಿಸಿದೆ. ಏಳು ಕೋಳಿಗೆ ಇಷ್ಟು ಜಾಲರಿ ಬೇಕೇ ಎಂದು ನಮ್ಮ ಮನೆಯವರು ಕೇಳಿದರು. ಹಿತ್ತಿಲ ಕೋಳಿಗೆ ತಲೆಗೊಂದು ಚದರಡಿ ಕಿಂಡಿ ಸಾಕು ಎಂದು ಅಮೆರಿಕದ ಸಾಕಣೆಯವರಲ್ಲಿ ಒಂದು ಲೆಕ್ಕವಿದೆ. ಹಿಮ ಬೀಳುವ ಊರುಗಳನ್ನೂ ಮನಸ್ಸಿನಲ್ಲಿಟ್ಟುಕೊಂಡು ಹೇಳಿದ್ದು ಅದು. ಇಲ್ಲಿ ಗೋಡೆ ಎಷ್ಟು ಬೇಕು ಎಂದು ಕೇಳಬೇಕೇ ಹೊರತು ಕಿಂಡಿ ಎಷ್ಟು ಎಂದಲ್ಲ.

ಕೂರುವ ಕೋಲುಗಳನ್ನು ಎರಡೂವರೆ ಅಡಿ ಎತ್ತರಕ್ಕೆ ಕಟ್ಟಿದೆ. ಕೂತ ಕೋಳಿಯ ತಲೆಯ ಮೇಲೂ ಗಾಳಿಯ ದಾರಿ ಉಳಿಯಬೇಕು, ಕೆಳಗಿನ ಹಿಕ್ಕೆಯಿಂದಲೂ ಅದು ದೂರ ಇರಬೇಕು. ಕಾಸರಗೋಡಿನ ಕಡೆ ಕಾಲು ಕೊಟ್ಟು ನಿಲ್ಲಿಸಿದ ಮರದ ಗೂಡುಗಳಿವೆ, ತಳಕ್ಕೆ ರೀಪು ಹೊಡೆದು ಸಂದು ಬಿಟ್ಟಿರುತ್ತಾರೆ, ಹಿಕ್ಕೆ ಕೆಳಕ್ಕೆ ಬೀಳುತ್ತದೆ, ಗಾಳಿ ಕೆಳಗಿನಿಂದ ಬರುತ್ತದೆ. ಜಾಗ ಚಿಕ್ಕದಾಗಿದ್ದವರು ಅದನ್ನೇ ಮಾಡಿಸಿಕೊಳ್ಳಬಹುದು. ನನ್ನದು ನೆಲದ ಗೂಡು, ಭತ್ತದ ಹೊಟ್ಟು ನಾಲ್ಕು ಇಂಚು ಹರಡಿದ್ದೇನೆ. ಮುಷ್ಟಿಯಲ್ಲಿ ಹಿಡಿದು ಅದುಮಿ ಬಿಟ್ಟರೆ ಅದು ಉದುರಬೇಕು. ಉಂಡೆಯಾಗಿ ನಿಂತರೆ ತೇವ ಹೆಚ್ಚಾಗಿದೆ ಎಂದರ್ಥ, ಆ ದಿನವೇ ತೆಗೆಯಬೇಕು.

ಕೆಲಸ ಮುಗಿದ ಸಂಜೆ ಊದುಬತ್ತಿ ಹಚ್ಚಿಕೊಂಡು ಒಳಗೆ ಕೂತೆ. ಹೊಟ್ಟು ಹರಡುವ ಮೊದಲೇ ಇದನ್ನು ಮಾಡಬೇಕು, ಕಿಡಿ ಬಿದ್ದೀತು. ಕೋಲಿನ ಹತ್ತಿರ ಹಿಡಿದರೆ ಹೊಗೆ ಉತ್ತರಕ್ಕೆ ಬಾಗಿ ಹೊರಟಿತು. ನೆತ್ತಿಯ ಹತ್ತಿರ ಹಿಡಿದರೆ ಸೀಳಿನೊಳಗೆ ಸರ್ರನೆ ಎಳೆದುಕೊಂಡಿತು. ಆದರೆ ಪಶ್ಚಿಮದ ಮೂಲೆಯಲ್ಲಿ ಹೊಗೆ ಸುತ್ತಿ ಸುತ್ತಿ ಅಲ್ಲೇ ನಿಂತಿತ್ತು. ಮಾರನೆಯ ದಿನ ಜಾಲಿಯ ಬುಡದ ಸಾಲಿನಲ್ಲಿ ಇನ್ನು ಮೂರು ಇಟ್ಟಿಗೆ ತೆಗೆಸಿದೆ. ಕೆಂಚು ಹೇಂಟೆ ಸತ್ತು ಬಿದ್ದಿದ್ದ ಮೂಲೆ ಅದೇ.

ಆಮೇಲೂ ತಪ್ಪು ಮಾಡಿದೆ. ಸೊಳ್ಳೆಯಿಂದ ಕೋಳಿಗೆ ಸಿಡುಬು ಹರಡುತ್ತದೆ ಎಂದು ಕೇಳಿ ಇಡೀ ಗೂಡಿಗೆ ಸೊಳ್ಳೆ ಪರದೆ ಹೊಡೆಸಿದೆ. ತಿಂಗಳೊಳಗೆ ಅದರ ಕಣ್ಣುಗಳೆಲ್ಲ ಗರಿಯ ದೂಳಿನಿಂದ ಮುಚ್ಚಿ, ಪರದೆಯೇ ಗೋಡೆಯಾಯಿತು. ಕಿತ್ತು ಹಾಕಿ, ಸಿಡುಬಿಗೆ ಲಸಿಕೆ ಹಾಕಿಸಿದೆ. ಇನ್ನೊಂದು, ಒದ್ದೆ ಗೋಣಿತಾಟು. ಬೆಳಗಿನ ಒಣ ಪಡುವಣ ಗಾಳಿಗೆ ಪಶ್ಚಿಮದ ಕಡೆ ಒದ್ದೆ ಗೋಣಿ ತೂಗುಬಿಟ್ಟರೆ ಒಳಗೆ ನಿಜಕ್ಕೂ ತಂಪು. ಕಡಲಗಾಳಿ ಬಂದ ಮೇಲೂ ಅದನ್ನು ನೆನೆಸುತ್ತ ಹೋದರೆ ಒಳಗಿನ ತೇವ ಏರಿ ಕೋಳಿ ಇನ್ನಷ್ಟು ಏದುತ್ತದೆ. ಕಡಲಗಾಳಿ ಮುಟ್ಟಿದ ಕೂಡಲೇ ಗೋಣಿ ಸುತ್ತಿಡಬೇಕು, ಆಮೇಲೆ ಗಾಳಿಯ ಓಟವೊಂದೇ ಗತಿ. ಗಾಳಿಯೇ ಇಲ್ಲದ ರಾತ್ರಿಗೆ ಒಂದು ಸಣ್ಣ ಫ್ಯಾನು ಜಾಲರಿಯ ಹೊರಗಿನಿಂದ. ವೈರು ಗೂಡಿನೊಳಗೆ ಹೋಗಬಾರದು. ದೂಳೂ ಹೊಟ್ಟೂ ಇರುವ ಕಡೆ ಕಿಡಿ ಸಾಕು.

ಮಾಧವರಂನಲ್ಲಿದ್ದುಕೊಂಡು ಇದನ್ನೆಲ್ಲ ಕೋಳಿ ಸತ್ತ ಮೇಲೆ ಕಲಿತೆ ಎಂಬ ನೋವು ನನಗಿದೆ. ದೇಶದ ಮೊದಲ ಪಶುವೈದ್ಯಕೀಯ ವಿಶ್ವವಿದ್ಯಾಲಯ 1989ರಲ್ಲಿ ನೆಲೆಯಾದದ್ದು ನಮ್ಮ ಈ ಬಡಾವಣೆಯಲ್ಲೇ. ಅದರ ತಾಯಿಬೇರು ವೇಪೇರಿಯ ಮದ್ರಾಸ್ ಪಶುವೈದ್ಯ ಕಾಲೇಜು, 1903ರದ್ದು. ಬಳ್ಳಾರಿಯೂ ದಕ್ಷಿಣ ಕನ್ನಡವೂ ಮದ್ರಾಸಿಗೆ ಸೇರಿದ್ದ ಕಾಲದಲ್ಲಿ ಅದು ಆ ಜಿಲ್ಲೆಗಳ ಕಾಲೇಜೂ ಆಗಿತ್ತು. ನಗರದ ನಂದನಂ ಬಡಾವಣೆಯ ಹೆಸರು ಹೊತ್ತ ನಂದನಂ ಕೋಳಿ ಇಲ್ಲಿಯ ಕೋಳಿ ಸಂಶೋಧನೆಯ ಕೂಸು, ಹೆಬ್ಬಾಳದಲ್ಲಿ ನಮ್ಮವರು ಗಿರಿರಾಜ, ಸ್ವರ್ಣಧಾರಾ ಮಾಡಿದ ಹಾಗೆ. ತೂಕದ ಕೋಳಿ ತರುವವರು ಒಂದನ್ನು ನೆನಪಿಡಬೇಕು: ಮೈ ದಪ್ಪವಾದಷ್ಟೂ ಸೆಕೆ ತಡೆಯುವ ಶಕ್ತಿ ಕಡಿಮೆ. ಗಿರಿರಾಜದ ಹುಂಜ ಏದುತ್ತಿರುವ ಮಧ್ಯಾಹ್ನದಲ್ಲಿ ಪಾಟಿಯ ಸಿರುವಿಡೈ ಆರಾಮವಾಗಿ ಮಣ್ಣು ಕೆದರುತ್ತಿರುತ್ತದೆ. ಬೋಳು ಕತ್ತಿನ ಕೋಳಿಗಳು ಇನ್ನೂ ಗಟ್ಟಿ, ಗರಿಯಿಲ್ಲದ ಆ ಕತ್ತೇ ಅವಕ್ಕೆ ಕಿಟಕಿ.

ರಾತ್ರಿಯ ಗಾಳಿಗೆ ಹೆದರುವುದು ನಮ್ಮೊಬ್ಬರ ರೋಗವಲ್ಲ. ಫ್ಲಾರೆನ್ಸ್ ನೈಟಿಂಗೇಲ್ 1859ರಲ್ಲಿ ಶುಶ್ರೂಷೆಯ ಬಗ್ಗೆ ಬರೆದ ಪುಸ್ತಕದ ಮೊದಲ ಅಧ್ಯಾಯವೇ ಗಾಳಿಯ ಕುರಿತದ್ದು. ರಾತ್ರಿ ಕಿಟಕಿ ಮುಚ್ಚಿ ರೋಗಿಯನ್ನು ಕೆಟ್ಟ ಗಾಳಿಯಲ್ಲಿ ಮಲಗಿಸುವವರೊಡನೆ ಆಕೆ ಅಲ್ಲಿ ವಾದ ಹೂಡುತ್ತಾರೆ. ಅಮೆರಿಕದ ಹಿಮದ ಸೀಮೆಯಲ್ಲಿ ಕೋಳಿ ಸಾಕುವವರು ಚಳಿಗೆ ಹೆದರಿ ಗೂಡು ಬಿಗಿದು, ತೇವಕ್ಕೆ ಕೋಳಿ ಕಳೆದುಕೊಳ್ಳುತ್ತಿದ್ದಾಗ ಪ್ರಿನ್ಸ್ ವುಡ್ಸ್ ಎಂಬ ವೈದ್ಯರು ಮುಂಭಾಗ ತೆರೆದೇ ಇರುವ ಕೋಳಿಮನೆಯ ಬಗ್ಗೆ 1924ರಲ್ಲಿ ಒಂದು ಪುಸ್ತಕವನ್ನೇ ಬರೆದರು. ಹಿಮದಲ್ಲಿ ತೆರೆದಿಡಲು ಆಗುವುದಾದರೆ ಮದರಾಸಿನಲ್ಲಿ ನಾವು ಏನನ್ನು ಕಾಯುತ್ತಿದ್ದೇವೆ?

ಕಾಯಬೇಕಾದ್ದು ಒಂದಿದೆ, ಮಳೆ. ಇಲ್ಲಿಯ ಹಿಂಗಾರು ಅಕ್ಟೋಬರಿನಿಂದ ಡಿಸೆಂಬರಿನವರೆಗೆ ಈಶಾನ್ಯದಿಂದ, ಕಡಲ ಕಡೆಯಿಂದಲೇ ಹೊಡೆಯುತ್ತದೆ. 2016ರ ಡಿಸೆಂಬರ್ 12ರ ವರ್ದಾ ಚಂಡಮಾರುತದಲ್ಲಿ ಈ ಊರಿನ ಮರಗಳೇ ನಿಲ್ಲಲಿಲ್ಲ. ಬೇಸಿಗೆಗೆಂದು ತೆರೆದಿಟ್ಟ ಉತ್ತರ, ಪೂರ್ವದ ಜಾಲರಿಯಲ್ಲಿ ನವೆಂಬರಿನ ಇರಚಲು ನೇರವಾಗಿ ಒಳಗೆ ಬರುತ್ತದೆ. ಒದ್ದೆ ಗರಿಯ ಮೇಲೆ ಗಾಳಿ ಬೀಸಿದರೆ ಕೋಳಿಗೆ ಚಳಿ. ಒದ್ದೆ ಹೊಟ್ಟಿನಿಂದ ಮತ್ತೆ ಅಮೋನಿಯಾ. ಹೆಚ್ಚಿನವರು ಆಗ ಟಾರ್ಪಾಲನ್ನು ಮೇಲಿನಿಂದ ಇಳಿಬಿಡುತ್ತಾರೆ. ಅದು ಗಾಳಿ ಹೊರಡುವ ಮೇಲಿನ ದಾರಿಯನ್ನೇ ಮೊದಲು ಮುಚ್ಚುತ್ತದೆ. ದೊಡ್ಡ ಕೋಳಿ ಫಾರಂಗಳಲ್ಲಿ ಪರದೆಯನ್ನು ಬುಡಕ್ಕೆ ಬಿಗಿದು, ಹಗ್ಗದಿಂದ ಕೆಳಗಿನಿಂದ ಮೇಲಕ್ಕೆ ಎಳೆಯುವುದನ್ನು ನೋಡಿ ಹಾಗೇ ಮಾಡಿಸಿದೆ. ಎಷ್ಟೇ ಜಡಿಮಳೆ ಬಂದರೂ ಸೂರಿನ ಕೆಳಗಿನ ಒಂಬತ್ತು ಇಂಚು ತೆರೆದೇ ಇರುತ್ತದೆ. ಮೂರಡಿ ಚಾಚಿದ ಅಂಚು ಅದನ್ನು ಕಾಯುತ್ತದೆ. 2023ರ ಡಿಸೆಂಬರಿನಲ್ಲಿ ಮಿಚೌಂಗ್ ಚಂಡಮಾರುತ ಬಂದಾಗ ನೀರು ಎಲ್ಲೆಲ್ಲಿಗೆ ಏರಿತು ಎಂದು ಕಂಡವರು ಗೂಡಿನ ನೆಲವನ್ನೂ ಒಂದಡಿ ಎತ್ತರಿಸುತ್ತಾರೆ.

ಗಾಳಿಯೊಂದರಿಂದಲೇ ಎಲ್ಲ ಆಗುವುದಿಲ್ಲ. ಕೊಕ್ಕರೆ ರೋಗಕ್ಕೆ ಲಸಿಕೆ ಬೇಕೇ ಬೇಕು. ಕತ್ತಿರಿಯ ದಿನಗಳಲ್ಲಿ ಕಾಳನ್ನು ಬೆಳಿಗ್ಗೆ ಬೇಗ, ಸಂಜೆ ತಡವಾಗಿ ಹಾಕುತ್ತೇನೆ. ನಡುಮಧ್ಯಾಹ್ನ ತಿಂದರೆ ಅರಗುವಾಗಲೂ ಮೈ ಬಿಸಿಯಾಗುತ್ತದೆ. ನೀರು ಎರಡು ಕಡೆ, ನೆರಳಿನಲ್ಲಿ, ಮಣ್ಣಿನ ಬಟ್ಟಲಿನಲ್ಲಿ.

ಈ ವರ್ಷದ ಕತ್ತಿರಿಯಲ್ಲಿ ಒಂದು ರಾತ್ರಿ ಕರೆಂಟು ಹೋಯಿತು. ಎರಡು ಗಂಟೆ. ಮನೆಯೊಳಗೆ ಮಲಗಲಾಗದೆ ಎದ್ದು ಟಾರ್ಚು ಹಿಡಿದು ಹಿತ್ತಿಲಿಗೆ ಹೋದೆ. ನುಗ್ಗೆಯ ಒಂದು ಎಲೆಯೂ ಅಲುಗುತ್ತಿರಲಿಲ್ಲ. ಬೆಳಕನ್ನು ಬೆರಳುಗಳಿಂದ ಮುಚ್ಚಿಕೊಂಡು ಜಾಲರಿಗೆ ಮುಖ ಒತ್ತಿ ನೋಡಿದೆ. ಒಳಗಿನ ಗಾಳಿ ಹೊರಗಿನಷ್ಟೇ ಬಿಸಿ, ಅದಕ್ಕಿಂತ ಹೆಚ್ಚಿಲ್ಲ. ನಾತವಿಲ್ಲ, ಹೊಟ್ಟಿನ ಒಣ ವಾಸನೆ ಮಾತ್ರ. ಹೇಂಟೆಗಳು ಕೋಲಿನ ಮೇಲೆ ಒಂದಕ್ಕೊಂದು ತಾಗದಂತೆ ಕೂತಿದ್ದವು. ಒಂದೊಂದರ ಮುಖದ ಮೇಲೂ ಬೆಳಕಿನ ಗೆರೆ ಹಾಯಿಸಿದೆ. ಕೊನೆಯಲ್ಲಿ ಕೂತಿದ್ದ ಗಿರಿರಾಜದ ಹುಂಜನದೊಂದು ಕೊಕ್ಕು ತೆರೆದಿತ್ತು. ಉಳಿದವೆಲ್ಲ ಕೊಕ್ಕು ಮುಚ್ಚಿಕೊಂಡು ಮಲಗಿದ್ದವು. ಗೋಡೆಯ ಆಚೆಯಿಂದ ಪಾಟಿ, 'ಎಲ್ಲ ಸರಿಯಾಗಿವೆಯಾ ಕಣ್ಣು?' ಎಂದು ಕೇಳಿದರು. ಅವರೂ ತಮ್ಮ ಕೋಳಿ ನೋಡಲು ಎದ್ದಿದ್ದರು. ಹುಂಜ ಮಾತ್ರ ಏದುತ್ತಿದೆ ಪಾಟಿ ಅಂದೆ. ಗೋಡೆಯ ಮೇಲೆ ಒಂದು ಬೀಸಣಿಗೆ ಬಂತು, ತಾಳೆಗರಿಯದು. ಇಬ್ಬರೂ ಕರೆಂಟು ಬರುವವರೆಗೆ ಹೊರಗೇ ಕೂತೆವು.